ಮಾವನ ಮನೆ ಕಡೆಯ ಪಾಚಿ

ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ನಾನು ನೀರಿಗೇ ಉಪ್ಪು ತಿನ್ನಿಸಲು ಹೊರಟವನು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ, ನೂರು ಲೀಟರಿನ ಗಾಜಿನ ತೊಟ್ಟಿಗೆ ಮೂರೂವರೆ ಕಿಲೋ. ಅದೂ ಅಡುಗೆಮನೆಯ ಉಪ್ಪಲ್ಲ; ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಬೆರೆತು ಬಕೆಟ್ಟಿನಲ್ಲಿ ಬರುವ ದುಬಾರಿ ಉಪ್ಪು. "ಮೂರು ಕಡೆ ಸಮುದ್ರವಿರುವ ಊರಿನಲ್ಲಿ ದುಡ್ಡು ಕೊಟ್ಟು ಉಪ್ಪುನೀರು ಮಾಡುವವರು ನೀವೊಬ್ಬರೇ ಇರಬೇಕು" ಎಂದಳು ಹೆಂಡತಿ. ಮಾಹುಲ್ ಖಾಡಿಯ ನೀರು ತಂದು ಹೊಯ್ದರೆ ಮೀನುಗಳಿಗೆ ಅಂದೇ ವೈಕುಂಠ ಪ್ರಾಪ್ತಿ ಎಂದು ವಿವರಿಸಿದೆ. ಅವಳು ಹಿರಿಯೂರಿನವಳು. ಸಮುದ್ರ ಕಂಡದ್ದೇ ಮದುವೆಯಾದ ಮೇಲೆ.

ನಾನು ಮಲ್ಪೆಯವನು. ನಮ್ಮಲ್ಲಿ ಮೀನನ್ನು ಬುಟ್ಟಿಯಲ್ಲಿ ನೋಡುತ್ತೇವೆ, ಬಾಣಲೆಯಲ್ಲಿ ನೋಡುತ್ತೇವೆ. ಗಾಜಿನೊಳಗೆ ನೋಡುವ ಪದ್ಧತಿಯಿಲ್ಲ. ಆ ಚಟ ಹತ್ತಿದ್ದು ಮುಂಬಯಿಗೆ ಬಂದ ಹೊಸತರಲ್ಲಿ. ಮರೀನ್ ಡ್ರೈವಿನಲ್ಲಿ 1951ರಲ್ಲಿ ತೆರೆದ ತಾರಾಪೊರ್‌ವಾಲಾ ಅಕ್ವೇರಿಯಂಗೆ ಸೋದರಮಾವ ಕರೆದೊಯ್ದಿದ್ದರು. ಗಾಜಿಗೆ ಮೂಗು ಒತ್ತಿ ನಿಂತವನನ್ನು, "ಸಾರಿಗೆ ಆಗುವುದಿಲ್ಲ ಅದು, ಬಾ" ಎಂದು ಎಳೆದುಕೊಂಡು ಬಂದಿದ್ದರು. ಇಷ್ಟು ವರ್ಷಗಳ ಮೇಲೆ ಚೆಂಬೂರಿನ ಫ್ಲಾಟಿನಲ್ಲಿ ಎರಡು ಕ್ಲೌನ್ ಮೀನು ತಂದು ಆ ಆಸೆ ತೀರಿಸಿಕೊಂಡೆ.

ಮೂರನೆಯ ತಿಂಗಳು ಬಿಳಿ ಮರಳಿನ ಮೂಲೆಯಲ್ಲಿ ಯಾರೋ ಕುಂಕುಮ ಚೆಲ್ಲಿದಂತೆ ಕಂಡಿತು. ವಾರ ಕಳೆಯುವುದರೊಳಗೆ ಕುಂಕುಮ ಹೋಗಿ ಕೆಂಪು ಮಖಮಲ್ಲಿನ ಜಮಖಾನವೇ ಹಾಸಿತ್ತು. ಮೇಲೆ ಮುತ್ತಿನಂಥ ಗುಳ್ಳೆಗಳು ಬೇರೆ. ಮುಟ್ಟಿದರೆ ಲೋಳೆ, ಎಳೆದರೆ ಹಾಲಿನ ಕೆನೆಯಂತೆ ಹಾಳೆಹಾಳೆಯಾಗಿ ಏಳುತ್ತದೆ. ಬೆಳಿಗ್ಗೆ ಅರ್ಧ ಮಾಯವಾಗಿರುತ್ತದೆ. ಗೆದ್ದೆ ಎಂದುಕೊಂಡು ಆಫೀಸಿಗೆ ಹೋದರೆ, ದೀಪ ಉರಿದು ಸಂಜೆಯಾಗುವಷ್ಟರಲ್ಲಿ ಚೆಂಬೂರು ಸ್ಟೇಷನ್ನಿನ ಜನಸಂದಣಿಯಂತೆ ಮತ್ತೆ ತುಂಬಿರುತ್ತದೆ.

ಪಾಚಿ ನನಗೆ ಹೊಸದಲ್ಲ. ಆಟಿ ತಿಂಗಳಲ್ಲಿ ಊರಿನ ಅಂಗಳವೆಲ್ಲ ಪಾಚಿಯೇ. ಅಜ್ಜಿ ಗೆರಟೆ ಹಿಡಿದು ಕೆರೆಯುತ್ತಿದ್ದಳು, ಮಡಲು ಹಾಸುತ್ತಿದ್ದಳು. ಆದರೂ ಪ್ರತಿ ಮಳೆಗಾಲ ಒಬ್ಬ ನೆಂಟ ಜಾರಿ ಬೀಳುವುದು ವಾಡಿಕೆ. ಬಿದ್ದವನಿಗೆ ಕಾಫಿಯ ಜೊತೆ ಒಂದು ಹಪ್ಪಳ ಹೆಚ್ಚು ಸಿಗುತ್ತಿದ್ದುದರಿಂದ, ಕೆಲವರು ಬೇಕೆಂದೇ ಬೀಳುತ್ತಾರೆಂಬ ಗುಮಾನಿಯೂ ಇತ್ತು.

ಅಜ್ಜಿಯ ಗೆರಟೆಯ ಬದಲು ನಾನು ಪ್ಲಾಸ್ಟಿಕ್ ಕೊಳವೆ ಹಿಡಿದೆ. ಬಾಯಲ್ಲಿ ಎಳೆದು ಲೋಳೆಯನ್ನು ಬಕೆಟ್ಟಿಗೆ ಇಳಿಸುವಾಗ ಎರಡು ಸಲ ಸಮುದ್ರ ಕುಡಿದೆ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ವೈದ್ಯರಾದರು. ಒಬ್ಬರು ಎರಿತ್ರೊಮೈಸಿನ್ ಹಾಕಿ ಎಂದರು. ಆ ಮಾತಿನಲ್ಲಿ ಹುರುಳಿತ್ತು; ಏಕೆಂದರೆ ಇದು ಪಾಚಿಯಲ್ಲ, ಪಾಚಿಯ ವೇಷದ ಸಯನೋಬ್ಯಾಕ್ಟೀರಿಯಾ. ಆದರೆ ಆ ಔಷಧಿ, ಮೀನಿನ ಹೊಲಸನ್ನು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಮೃತ್ಯುವಾಗಬಹುದು. ನೆಂಟನನ್ನು ಓಡಿಸಲು ಮನೆಗೆ ಬೆಂಕಿಯಿಟ್ಟಂತೆ. ಕುರ್ಲಾದ ಮೀನಿನಂಗಡಿಯ ಹುಡುಗ ಮಾತ್ರ ತಲೆಯೆತ್ತದೆ ಹೇಳಿದ: "ಖಾನಾ ಕಮ್ ಡಾಲೋ, ಸಾಬ್."

ವಿಚಾರಣೆ ನಡೆಸಿದೆ. ಬೆಳಿಗ್ಗೆ ನಾನು ಒಂದು ಚಿಟಿಕೆ. ಪೂಜೆ ಮುಗಿಸಿ ಹೆಂಡತಿ ಒಂದು ಚಿಟಿಕೆ. ಶಾಲೆಗೆ ಹೊರಟ ಮಗ ಒಂದು ಹಿಡಿ. ಹಿರಿಯೂರಿನಿಂದ ಬಂದಿದ್ದ ಅತ್ತೆಗೆ ಲೆಕ್ಕವೇ ಇಲ್ಲ: "ಬಾಯಿ ಬಾಯಿ ಬಿಡ್ತಾವೆ, ಪಾಪ." ಮೀನು ಬಾಯಿ ಬಿಡುವುದು ಉಸಿರಾಟಕ್ಕೆ ಎಂದರೆ, "ಹಸಿದವರೂ ಉಸಿರಾಡ್ತಾರೆ" ಎಂಬ ಉತ್ತರ. ಉಳಿದ ಕೂಳು ಮರಳಿನಲ್ಲಿ ಕೊಳೆತು ನೈಟ್ರೇಟು, ಫಾಸ್ಫೇಟು. ದೇಶದ ಹೊಲಗಳಿಗೆ ರಸಗೊಬ್ಬರ ಕಳಿಸುವ ಚೆಂಬೂರಿನಲ್ಲಿ ಕೂತು ನಾವೂ ಮನೆಮಂದಿಯೆಲ್ಲ ಸೇರಿ ಒಂದು ಸಣ್ಣ ಕಾರ್ಖಾನೆ ನಡೆಸುತ್ತಿದ್ದೆವು.

ಶತ್ರುವಿನ ಕುಲಗೋತ್ರ ತಿಳಿಯೋಣವೆಂದು ಓದಲು ಕೂತವನು ಪೇಚಿಗೆ ಬಿದ್ದೆ. ಭೂಮಿಯ ಮೇಲೆ ಉಸಿರಾಡಲು ಗಾಳಿಯೇ ಇಲ್ಲದ ಕಾಲದಲ್ಲಿ ಬಿಸಿಲು ಕುಡಿದು ಆಮ್ಲಜನಕ ಬಿಡಲು ಕಲಿತದ್ದು ಇದರ ಪೂರ್ವಜರು. ಸುಮಾರು 240 ಕೋಟಿ ವರ್ಷಗಳ ಹಿಂದೆ ವಾತಾವರಣದಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಅವರ ದುಡಿಮೆಯಿಂದ. ಮರಳಿನ ಮೇಲಿನ ಮುತ್ತುಗಳೂ ಅದೇ ಸರಕು. ಇಂಥ ಲೋಳೆಯ ಮೇಲೆ ಪದರ ಪದರವಾಗಿ ಸುಣ್ಣ ಕಟ್ಟಿ ಕಲ್ಲಾದದ್ದು ಸ್ಟ್ರೊಮಾಟೊಲೈಟ್. 250 ಕೋಟಿ ವರ್ಷಕ್ಕೂ ಹಳೆಯದಾದ ಅಂಥ ಕಲ್ಲುಗಳು ಚಿತ್ರದುರ್ಗದ ಸೀಮೆಯಲ್ಲಿವೆ. ಅವು ಸಿಗುವ ಶಿಲಾಸ್ತರಕ್ಕೆ ವಾಣಿವಿಲಾಸದ ಹೆಸರೇ ಇದೆ.

ವಾಣಿವಿಲಾಸ ಸಾಗರವೆಂದರೆ 1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ಮಾರಿಕಣಿವೆ. ಅರ್ಥಾತ್ ಹಿರಿಯೂರು. ಅರ್ಥಾತ್ ನನ್ನ ಮಾವನ ಮನೆ.

ಈ ಸಂಗತಿಯನ್ನು ಮನೆಯಲ್ಲಿ ಹೇಳಬಾರದಿತ್ತು. "ನಮ್ಮ ಕಡೆಯವರನ್ನು ಕೊಳವೆ ಹಾಕಿ ಎಳೆದು ಬಚ್ಚಲಿಗೆ ಚೆಲ್ಲಿದಿರಾ?" ಎಂದಳು. ದಿನಾ ಬೆಳಿಗ್ಗೆ ಅವಳು ನುಂಗುವ ಸ್ಪಿರುಲಿನಾ ಮಾತ್ರೆಯೂ ಅದೇ ವಂಶದ್ದು ಎಂದು ನೆನಪಿಸಿದೆ. ಎರಡು ದಿನ ಮಾತಿಲ್ಲ.

ಕೊನೆಗೆ ಮೂರು ದಿನ ದೀಪ ಆರಿಸಿ ತೊಟ್ಟಿಗೆ ಕಂಬಳಿ ಹೊದೆಸಿದೆವು. ಮೀನಿಗೆ ಗ್ರಹಣವಾ ಎಂದ ಮಗ. ನೀರು ನಿಂತು ಮಂಕಾಗಿದ್ದ ಮೂಲೆಗೆ ಪಂಪಿನ ಮುಖ ತಿರುಗಿಸಿದೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲು. ಮೀನಿಗೆ ದಿನಕ್ಕೊಂದೇ ಚಿಟಿಕೆ. ತಿಂಗಳಲ್ಲಿ ಮರಳು ಬೆಳ್ಳಗಾಯಿತು. ಕಲ್ಲಿನ ಹಿಂದೆ ನಾಣ್ಯದಗಲದ ಒಂದು ಕೆಂಪು ಕಲೆ ಮಾತ್ರ ಉಳಿದಿದೆ.

ಮೊನ್ನೆ ಸಂಜೆ ಮಾಹುಲ್ ಕಡೆಯಿಂದ ಗಾಳಿ ಬೀಸಿ ರಿಫೈನರಿಯ ವಾಸನೆ ಅಡರಿತು. ಊರನ್ನು 'ಗ್ಯಾಸ್ ಚೇಂಬರ್' ಎಂದು ಕರೆಯುವವರನ್ನು ಬೈಯುತ್ತಲೇ ಕಿಟಕಿ ಮುಚ್ಚಿದೆ. ಆ ಕೆಂಪು ಕಲೆಯಿಂದ ಒಂದು ಗುಳ್ಳೆ ಕಳಚಿ ನಿಧಾನವಾಗಿ ಮೇಲೇರಿತು. "ನೋಡಿ, ಪಾಪ, ನಮ್ಮ ಕಡೆಯವರು ಇನ್ನೂ ಕೈಲಾದ್ದು ಮಾಡ್ತಿದ್ದಾರೆ" ಎಂದಳು ಹೆಂಡತಿ. ಕೊಳವೆ ಕೈಯಲ್ಲಿತ್ತು, ಕೆಳಗಿಟ್ಟೆ.

ಅಷ್ಟರಲ್ಲಿ ಹಿರಿಯೂರಿನಿಂದ ಫೋನು. ಅತ್ತೆ ನನ್ನ ಯೋಗಕ್ಷೇಮ ಕೇಳಲಿಲ್ಲ. "ಮೀನುಗಳಿಗೆ ಊಟ ಆಯ್ತಾ?"

"ಆಯ್ತು, ಮೂರು ಹೊತ್ತೂ ಆಯ್ತು" ಎಂದೆ.