ಮೇಷ್ಟ್ರು ಮಾವನ ಗಡ್ಡಿ ದರ್ಶನ

‘ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ’ ಎಂದು ನಮ್ಮ ಮೇಷ್ಟ್ರು ಮಾವ ಮೂವತ್ತೆರಡು ವರ್ಷ ಪಾಠ ಮಾಡಿದರು. ಮಾಡಿದ್ದೆಲ್ಲ ಕೂಡ್ಲಿಗಿ, ಕೊಟ್ಟೂರು ಸೀಮೆಯ ಶಾಲೆಗಳಲ್ಲಿ. ಒಂದು ಕಡೆ ನೀರು ಬಿದ್ದರೆ ಸಾಕಪ್ಪಾ ಎಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ಬೋರಿನ ಪಾಯಿಂಟ್ ಹುಡುಕುವವರ ಮಕ್ಕಳಿಗೆ ನಾಲ್ಕೂ ಕಡೆ ನೀರು ಎಂಬುದು ರಾವಣನ ಲಂಕೆಯಷ್ಟೇ ದೂರದ ಮಾತು. ಅವರು ನಂಬಲಿಲ್ಲ, ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡರು. ಮಾವನೂ ದ್ವೀಪ ಕಂಡವರೇನಲ್ಲ. ನಿವೃತ್ತಿಯಾದ ವರ್ಷ ಪಿಂಚಣಿಯ ಗಂಟು ಸ್ವಲ್ಪ ಬಿಚ್ಚಿ, ಅತ್ತೆಯನ್ನೂ ಕರೆದುಕೊಂಡು ಪ್ಯಾಕೇಜ್ ಟೂರಿನಲ್ಲಿ ಅಂಡಮಾನಿಗೆ ಹೋದರು. ಐದು ರಾತ್ರಿ, ಆರು ಹಗಲು.

ಹೋದವರು ಮೇಷ್ಟ್ರು. ಬಂದವರು ಗೈಡು.

ಇಂಥವರೊಬ್ಬರು ನಿಮ್ಮ ಬಳಗದಲ್ಲೂ ಇದ್ದೇ ಇರುತ್ತಾರೆ. ಹಿಂದೆ ಕಾಶಿಗೆ ಹೋಗಿ ಬಂದವರು ಗಂಗಾಜಲದ ಗಿಂಡಿ ಒಡೆದು, ಓಣಿಯವರಿಗೆಲ್ಲ ಒಂದೊಂದು ಹನಿ ಹಾಕಿ, ನಾಲ್ಕು ಜನಕ್ಕೆ ಊಟ ಹಾಕಿಸಿ ತಣ್ಣಗಾಗುತ್ತಿದ್ದರು. ಪ್ಯಾಕೇಜ್ ಟೂರಿನವರ ಗಿಂಡಿಗೆ ತಳವೇ ಇಲ್ಲ. ಮಾವನ ತಲೆಯ ಮೇಲೆ ಪೋರ್ಟ್ ಬ್ಲೇರಿನ ಟೋಪಿ ಕೂತು ನಾಲ್ಕು ವರ್ಷವಾಯಿತು. ಸ್ನಾನಕ್ಕೂ ನಿದ್ದೆಗೂ ಮಾತ್ರ ಅದು ಇಳಿಯುತ್ತದೆ. ಕೊರಳಲ್ಲಿ ಪಿ.ಟಿ. ಮೇಷ್ಟ್ರ ಹತ್ತಿರ ಇಸಿದುಕೊಂಡ ವಿಷಲ್. ಕೈಯಲ್ಲಿ ಮಡಿಸಿದ ಛತ್ರಿ, ಅದರ ತುದಿಗೆ ಕೆಂಪು ಕರವಸ್ತ್ರ. ಆ ಛತ್ರಿ ಮೇಲೆದ್ದಿತೆಂದರೆ ಮದುವೆ ಮನೆಯಲ್ಲೂ ಬೀಗರು ಸಾಲು ಹಿಡಿದು ಪಂಕ್ತಿಗೆ ಹೋಗುತ್ತಾರೆ. ಯಾವ ಜಾಗವಾದರೂ ಅವರ ಲೆಕ್ಕದಲ್ಲಿ ಹದಿನೈದು ನಿಮಿಷ. ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ದರ್ಶನಕ್ಕೆ ಬಂದ ನೆಂಟರನ್ನೂ ಬಾಗಿಲಲ್ಲಿ ನಿಲ್ಲಿಸಿ, ‘ಇಲ್ಲಿ ಹದಿನೈದು ನಿಮಿಷ! ನಮಸ್ಕಾರ ಹಾಕಿ, ಫೋಟೋ ಹೊಡ್ಕಂಡು, ಗಾಡಿ ಹತ್ರ ಬಂದುಬಿಡ್ರಿ’ ಎನ್ನುತ್ತಾರೆ. ಗಾಡಿ ಇರುವುದಿಲ್ಲ. ನೆಂಟರು ನಡೆದೇ ಬಂದಿರುತ್ತಾರೆ.

ಹೊತ್ತಿನ ವಿಷಯದಲ್ಲಿ ಅವರು ಇನ್ನೂ ಅಂಡಮಾನಿನಲ್ಲೇ ಇದ್ದಾರೆ. ನಮ್ಮೂರಿಗಿಂತ ಅಲ್ಲಿ ಸೂರ್ಯ ಒಂದು ತಾಸಿಗೂ ಮುಂಚೆ ಹುಟ್ಟುತ್ತಾನೆ, ರೇಖಾಂಶದ ಲೆಕ್ಕ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಆ ಆರು ದಿನ ನಸುಕಿನಲ್ಲಿ ಎದ್ದ ಮಾವ ಇವತ್ತಿಗೂ ನಾಲ್ಕಕ್ಕೇ ಎದ್ದು ಓಣಿಯ ನಾಯಿಗಳನ್ನೆಲ್ಲ ಎಬ್ಬಿಸುತ್ತಾರೆ.

ಅವರ ಕಥೆಗಳಲ್ಲಿ ಸುಳ್ಳಿಲ್ಲ, ಅಳತೆ ಸ್ವಲ್ಪ ಜಾಸ್ತಿ, ಅಷ್ಟೆ. ಪಕ್ಕದಲ್ಲೇ ಕೂತು ತಿದ್ದುಪಡಿ ಹಾಕುವವರು ಅತ್ತೆ.

‘ಬಾರಾಟಾಂಗ್ ಅಂತ ಒಂದು ದ್ವೀಪ. ನಸುಕಿನಾಗ ಮೂರು ಗಂಟೆಗೆ ಎದ್ದು ಹೋಗಬೇಕು. ಜಾರವಾ ಜನ ಇರೋ ಕಾಡು, ಗಾಡಿಗಳೆಲ್ಲ ಸಾಲಾಗಿ ಬೆಂಗಾವಲಿನಾಗೇ ದಾಟಬೇಕು, ನಡುವೆ ಎಲ್ಲೂ ನಿಲ್ಲಂಗಿಲ್ಲ. ಆಮೇಲೆ ಸಿಗ್ತದ ನೋಡ್ರಿ, ಮಣ್ಣಿನ ಜ್ವಾಲಾಮುಖಿ!’

‘ಅಂಬಲಿ ಕುದ್ದಂಗ ಗುಳುಗುಳು ಅಂತಿತ್ತವ್ವ. ನಮ್ಮನ್ಯಾಗ ದಿನಾ ಕುದೀತೈತಿ.’

‘ಅದು ಉಷ್ಣವಲಯದ ದ್ವೀಪ...’

‘ಕೂಡ್ಲಿಗಿಗಿಂತ ಉಷ್ಣ ಏನಲ್ಲ ಬಿಡ್ರಿ.’

ಮಾವ ಇಂಥದ್ದಕ್ಕೆಲ್ಲ ಜಗ್ಗುವವರಲ್ಲ. ಅವರು ಜಗ್ಗಿದ್ದು ಒಂದೇ ಸಲ, ಅದೂ ಒಂದು ನೋಟಿನ ದೆಸೆಯಿಂದ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರ, ಸಮುದ್ರ ಇರುವ ಒಂದು ಚಿತ್ರವಿದೆ. ಪೋರ್ಟ್ ಬ್ಲೇರಿನ ಎದುರಿನ ಮೌಂಟ್ ಹ್ಯಾರಿಯಟ್ ಗುಡ್ಡದಿಂದ ಕಾಣುವ ನೋಟ ಅದು. ಆ ಗುಡ್ಡಕ್ಕೆ 2021ರಿಂದ ಮೌಂಟ್ ಮಣಿಪುರ ಎಂದು ಹೆಸರು. ಮಾವ ಆ ನೋಟಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ‘ಈ ಮರದ ಹಿಂದ ನಿಂತಿದ್ದೆ ನಾನು’ ಎಂದು ಛತ್ರಿಯ ತುದಿಯಿಂದ ತೋರಿಸುತ್ತಾರೆ.

ಹರಪನಹಳ್ಳಿಯ ದೊಡ್ಡಪ್ಪ ಒಮ್ಮೆ ಬಂದವರು ಅದನ್ನು ನೋಡಿದರು. ಬೀಚಿಯವರು ಹುಟ್ಟಿದ ಊರಿನ ಜನ. ನಾಲಿಗೆಯಲ್ಲಿ ಸ್ವಲ್ಪ ಖಾರ ಇದ್ದೇ ಇರುತ್ತದೆ. ಜೇಬಿನಿಂದ ನೀಲಿ ಬಣ್ಣದ ಐವತ್ತರ ನೋಟು ತೆಗೆದು, ಹಂಪಿಯ ಕಲ್ಲಿನ ತೇರು ಕಾಣುವ ಹಾಗೆ ತಿರುಗಿಸಿ ಹಿಡಿದರು.

‘ನಿಮ್ಮ ಅಂಡಮಾನು ಇಪ್ಪತ್ತು. ನಮ್ಮ ಜಿಲ್ಲಾ ಐವತ್ತು. ಮೂವತ್ತು ರೂಪಾಯಿ ನಾವೇ ಮುಂದ ಅದೀವಿ, ಮೇಷ್ಟ್ರೇ.’

‘ಹಂಪಿನಾಗ ದ್ವೀಪ ಐತೇನು?’

‘ವಿರೂಪಾಪುರ ಗಡ್ಡಿ ಮತ್ತೇನು? ಫಾರಿನ್ನಿನವರು ಹಿಪ್ಪಿ ಐಲ್ಯಾಂಡ್ ಅಂತ ಹುಡುಕ್ಕೊಂಡು ಬರ್ತಿದ್ರಲ್ಲ.’

ಆ ಗಡ್ಡಿ ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ ಎಂದು ಮಾವ ಆಕ್ಷೇಪಣೆ ಎತ್ತಿದರು. ಜಿಲ್ಲೆಯ ಮಾತು ದೊಡ್ಡಪ್ಪನ ಮುಂದೆ ಎತ್ತಬಾರದಿತ್ತು. ಬಳ್ಳಾರಿಯಲ್ಲಿದ್ದ ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, 2018ರಲ್ಲಿ ತಿರುಗಿ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರಕ್ಕೆ ಸೇರಿಸಿದರು. ‘ಹೊರಸಿನ ಮ್ಯಾಲಿಂದ ಇಳೀದಂಗ ಮೂರು ಜಿಲ್ಲಾ ಟೂರ್ ಮಾಡೀನಿ. ನೀವು ವಿಮಾನ ಹತ್ತಿ ಒಂದು ನೋಡೀರಿ’ ಎಂದರು ದೊಡ್ಡಪ್ಪ.

ಆ ರಾತ್ರಿ ಮಾವನಿಗೆ ನಿದ್ದೆ ಬರಲಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದಾಗ ಅವರಲ್ಲೊಂದು ದ್ವೀಪ ಹುಟ್ಟಿತ್ತು.

ಹುಟ್ಟಿದ್ದು ತಪ್ಪು ಜಾಗದಲ್ಲೇನಲ್ಲ. ತುಂಗಭದ್ರಾ ಅಣೆಕಟ್ಟಿನ ಪೂರ್ಣ ಮಟ್ಟ 1633 ಅಡಿ. ಮುಂಗಾರು ಕೈಹಿಡಿದು ನೀರು ಆ ಗೆರೆ ಮುಟ್ಟಿತೆಂದರೆ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಿನ್ನೀರು ಸಮುದ್ರದಂತೆ ಚಾಚಿಕೊಂಡು, ದಂಡೆಯ ದಿಬ್ಬಗಳೆಲ್ಲ ನೀರಿನ ನಡುವೆ ಗಡ್ಡಿಗಳಾಗಿ ನಿಲ್ಲುತ್ತವೆ. ನಮ್ಮವರು ದ್ವೀಪ ಎನ್ನುವುದಿಲ್ಲ, ಗಡ್ಡಿ ಎನ್ನುತ್ತಾರೆ. ದ್ವೀಪ ಪರೀಕ್ಷೆಯಲ್ಲಿ ಬರುತ್ತದೆ, ಗಡ್ಡಿ ಹೊಳೆಯಲ್ಲಿರುತ್ತದೆ.

ಟೂರಿನ ಪಟ್ಟಿ ತಯಾರಾಯಿತು. ಒಂದೇ ಹಗಲಿನಲ್ಲಿ ಒಂಬತ್ತು ಜಾಗ: ಅಂಕಸಮುದ್ರದ ಪಕ್ಷಿಗಳು, ಹಿನ್ನೀರಿನ ‘ಐಲ್ಯಾಂಡ್’, ಹಡಗಲಿಯ ಮಲ್ಲಿಗೆ ತೋಟ, ಮಾಗಳ, ಹಿರೇಹಡಗಲಿ, ಕುರುವತ್ತಿ, ಮೈಲಾರ, ಬಾಗಳಿ, ಕೊನೆಗೆ ಉಚ್ಚಂಗಿದುರ್ಗದಲ್ಲಿ ಸೂರ್ಯಾಸ್ತ. ತಲೆಗೆ ಆರುನೂರು, ಬುತ್ತಿ ನಿಮ್ಮದೇ. ದಿನ, ಫೆಬ್ರವರಿಯ ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ನನಗೂ ರಜೆ. ಬೇಡ ಎನ್ನಲು ಯಾವ ನೆಪವೂ ಉಳಿಯಲಿಲ್ಲ.

ಹೊರಟಿದ್ದು ನಸುಕಿನ ನಾಲ್ಕೂವರೆಗೆ. ಹದಿನೇಳು ಸೀಟಿನ ಟಿಟಿ ಗಾಡಿಯಲ್ಲಿ ಇಪ್ಪತ್ತೊಂದು ಜನ, ಎರಡು ಡಬರಿ ವಗ್ಗರಣಿ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ. ಮಾವ ಡ್ರೈವರಿನ ಪಕ್ಕ ಹಿಂದುಮುಂದಾಗಿ, ಅಂದರೆ ನಮಗೆ ಮುಖಮಾಡಿ ನಿಂತರು. ಹೊರಗೆ ಕಗ್ಗತ್ತಲು. ‘ನಿಮ್ಮ ಬಲಗಡೆ ನೋಡ್ರಿ!’ ಇಪ್ಪತ್ತು ತಲೆ ಬಲಕ್ಕೆ ತಿರುಗಿದವು. ಕಿಟಕಿಯ ಗಾಜಿನಲ್ಲಿ ನಮ್ಮ ಮುಖಗಳೇ ಕಂಡವು. ‘ಹಗಲಾಗಿದ್ರ ಇಲ್ಲಿ ಗುಡ್ಡ ಕಾಣ್ತಿತ್ತು’ ಎಂದರು.

ಅಂಕಸಮುದ್ರ ಕೆರೆಯ ಏರಿ ಮುಟ್ಟಿದಾಗ ಐದೂಮುಕ್ಕಾಲು. ಆ ದಿನಗಳಲ್ಲಿ ನಮ್ಮಲ್ಲಿ ಹೊತ್ತು ಹುಟ್ಟುವುದು ಏಳಕ್ಕೆ ಸ್ವಲ್ಪ ಮುಂಚೆ. ಪಕ್ಷಿಗಳಿಗೆ ಇನ್ನೂ ಬೆಳಗಾಗಿರಲಿಲ್ಲ. ಒಂದು ತಾಸು ಚಳಿಯಲ್ಲಿ ನಿಂತೆವು. ಆ ತಾಸನ್ನು ಮಾವ ಖಾಲಿ ಬಿಡಲಿಲ್ಲ.

‘ಇದು ರಾಮ್ಸಾರ್ ತಾಣ. ರಾಮ್ಸಾರ್! 2024ರಾಗ ಸಿಕ್ಕಿದ್ದು.’

‘ಈ ರಾಮ್ ಸಾರ್ ಯಾವ ಇಲಾಖೆಯವರು?’ ದೊಡ್ಡಪ್ಪ ಕೇಳಿದರು.

ಮೇಷ್ಟ್ರಾಗಿದ್ದಾಗ ‘ನಾಳೆ ನೋಡಿಕೊಂಡು ಬಂದು ಹೇಳ್ತೀನಿ’ ಎನ್ನುತ್ತಿದ್ದ ಮನುಷ್ಯ. ಗೈಡಾದ ಮೇಲೆ ನಾಳೆ ಎಂಬುದನ್ನೇ ಬಿಟ್ಟಿದ್ದಾರೆ. ಒಂದು ಕ್ಷಣವೂ ತಡೆಯದೆ, ‘ಅರಣ್ಯ ಇಲಾಖೆ. ಈಗ ರಿಟೈರ್ ಆಗ್ಯಾರ’ ಎಂದುಬಿಟ್ಟರು.

ರಾಮ್ಸಾರ್ ಇರಾನ್ ದೇಶದ ಒಂದು ಊರು. ಜೌಗು ನೆಲ, ಕೆರೆ, ಅಳಿವೆಗಳನ್ನು ಉಳಿಸಿಕೊಳ್ಳಬೇಕು ಎಂದು 1971ರಲ್ಲಿ ದೇಶಗಳು ಅಲ್ಲಿ ಕೂತು ಒಪ್ಪಂದ ಮಾಡಿಕೊಂಡವು. ಆ ಪಟ್ಟಿಗೆ ಸೇರಿದ ಜಾಗಗಳೆಲ್ಲ ರಾಮ್ಸಾರ್ ತಾಣ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಜೊತೆಗೆ ನಮ್ಮ ಅಂಕಸಮುದ್ರ ಆ ಪಟ್ಟಿಗೆ ಸೇರಿದವು. ನೂರು ಹೆಕ್ಟೇರ್ ಕೂಡ ತುಂಬದ ಊರ ಕೆರೆ. ಯಾವ ಕಾಲದಲ್ಲೋ ಬೆಳೆಗೆ ನೀರು ಬೇಕೆಂದು ಹಿರಿಯರು ಕಟ್ಟಿಸಿದ್ದು. ನಡುವೆ ಬೆಳೆದ ಜಾಲಿ ಮರಗಳ ಮೇಲೆ ಹಕ್ಕಿಗಳು ಬಂದು ಸಂಸಾರ ಹೂಡಿದವು. ಇದನ್ನು ನಾನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಗಾಡಿಗೆ ಒಬ್ಬ ಗೈಡೇ ಹೆಚ್ಚು.

ಆಮೇಲೆ ಬೆಳಕಾಯಿತು. ಜಾಲಿ ಮರಗಳು ಒಂದೊಂದಾಗಿ ಕತ್ತಲಿಂದ ಎದ್ದವು. ಎಲೆ ಎಂದುಕೊಂಡದ್ದೆಲ್ಲ ರೆಕ್ಕೆ ಬಿಚ್ಚಿದವು. ಬಣ್ಣದ ಕೊಕ್ಕರೆ, ನೀರುಕಾಗೆ, ಕರಿತಲೆಯ ಕೆಂಬರಲು. ಒಂದು ಕಡೆ ಹಾರಿದರೆ ಇನ್ನೊಂದು ಕಡೆ ಇಳಿಯುತ್ತಿದ್ದವು, ಸಂತೆ ದಿನದ ಬಸ್ ಸ್ಟ್ಯಾಂಡಿನಂತೆ. ನಮ್ಮ ಮಕ್ಕಳು ಬಾಯಿ ತೆರೆದು ನಿಂತರು. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಹುಡುಗ ನಮ್ಮನ್ನು ನೋಡುತ್ತ ನಿಂತ. ಆಗ ಮಾವ, ಎಲ್ಲರೂ ಗಮನವಿಟ್ಟು ನೋಡಲಿ ಎಂದು, ವಿಷಲ್ ಊದಿದರು.

ಕೆರೆ ಪೂರ್ತಿ ಎದ್ದಿತು. ಅಷ್ಟು ರೆಕ್ಕೆ ಒಂದೇ ಸಲ ಬಡಿದ ಸದ್ದನ್ನು ನಾನು ಮರೆಯುವುದಿಲ್ಲ. ಎಮ್ಮೆಯ ಹುಡುಗ, ‘ತಾತಾ, ಪೀಪಿ ಊದಬ್ಯಾಡ, ಮರಿ ಅದಾವ’ ಎಂದ. ಆ ಹುಡುಗನಿಗೆ ಟೋಪಿ ಇರಲಿಲ್ಲ. ಮಾವ ವಿಷಲನ್ನು ಅಂಗಿಯ ಒಳಗೆ ಬಿಟ್ಟುಕೊಂಡು, ‘ಹದಿನೈದು ನಿಮಿಷ ಆತು, ನಡೀರಿ’ ಎಂದರು. ಆಗ ಗಂಟೆ ಎಂಟಾಗಿತ್ತು.

ವಗ್ಗರಣಿ ತಿಂದು, ಹಗರಿಬೊಮ್ಮನಹಳ್ಳಿಯಲ್ಲಿ ಬಿಸಿ ಮಿರ್ಚಿಯ ವಾಸನೆಗೆ ಸೋತು ಅದನ್ನೂ ತಿಂದು, ತಂಬ್ರಹಳ್ಳಿಯ ದಾರಿ ಹಿಡಿದು ಹಿನ್ನೀರಿನ ದಂಡೆಗೆ ಬಂದಾಗ ಬಿಸಿಲು ನೆತ್ತಿಗೇರುತ್ತಿತ್ತು. ದಾರಿಯುದ್ದಕ್ಕೂ ಮಾವ ಅಂಡಮಾನಿನಲ್ಲಿ ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಿದ್ದನ್ನು ಹೇಳಿದರು. ‘ಇಲ್ಲಿ ಗಾಜಿನ ತಳ ಇಲ್ಲ, ತೆಪ್ಪ ಐತಿ. ತೆಪ್ಪದಾಗ ಕೂತು ಐಲ್ಯಾಂಡಿಗೆ ಹೋಗೂಣು.’

ಇಳಿದೆವು. ಛತ್ರಿ ಮೇಲೆದ್ದಿತು. ಅದರ ತುದಿ ತೋರಿಸಿದ ಕಡೆ ಒಂದು ದಿಬ್ಬ ಇತ್ತು. ಅದಕ್ಕೂ ನಮಗೂ ನಡುವೆ ಬಿರುಕುಬಿಟ್ಟ ಎರೆಮಣ್ಣು, ಹಸಿರು ಗರಿಕೆ, ಮೇಯುತ್ತಿದ್ದ ನೂರಾರು ಕುರಿ. ನೀರು ದೂರದಲ್ಲಿ ತಗಡಿನಂತೆ ಮಿಂಚುತ್ತಿತ್ತು. ಫೆಬ್ರವರಿ ಬರುವ ಹೊತ್ತಿಗೆ ಕಾಲುವೆಗಳಿಗೆ ಹರಿದು ಹರಿದು ಹಿನ್ನೀರು ಹಿಂದೆ ಸರಿದಿರುತ್ತದೆ. ಭೂಗೋಳ ಕಲಿಸಿದವರು ಅಣೆಕಟ್ಟಿನ ಮಟ್ಟ ನೋಡಿರಲಿಲ್ಲ.

ಮಾವ ಕಂಬಳಿ ಹೊದ್ದು ಕೂತಿದ್ದ ಕುರಿಯವರ ಹತ್ತಿರ ಹೋದರು. ‘ಯಜಮಾನ್ರೇ, ಆ ಗಡ್ಡಿಗೆ ಹೋಗಾಕ ತೆಪ್ಪ ಎಲ್ಲಿ ಸಿಗ್ತದ?’

‘ತೆಪ್ಪ ಯಾಕ್ರಿ? ಕುರಿ ಹೋಗ್ಯಾವಲ್ಲ, ಅವುಗಳ ಹಿಂದ ಹೋಗ್ರಿ.’

ನಮ್ಮವರು ಯಾರೂ ನಗಲಿಲ್ಲ. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಆಕಾಶ ನೋಡಿದರು. ಮಾವ ಮೂವತ್ತೆರಡು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ, ‘ಮೂರು ಕಡೆ ನೀರಿದ್ದರೆ ಅದಕ್ಕೆ ಪರ್ಯಾಯ ದ್ವೀಪ ಅಂತಾರೆ. ಸದ್ಯಕ್ಕೆ ಇದು ಪರ್ಯಾಯ ದ್ವೀಪ’ ಎಂದು ತೀರ್ಪು ಕೊಟ್ಟರು.

‘ತಾತಾ, ಒಂದೇ ಕಡೆ ಐತಿ ನೀರು’ ಎಂದಳು ಮೊಮ್ಮಗಳು. ಐದನೇ ತರಗತಿ.

ಒಂದೇ ಕಡೆ ನೀರಿದ್ದರೆ ಅದಕ್ಕೆ ದಂಡೆ ಎನ್ನುತ್ತಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕುರಿಗಳ ಹಿಂದೆ ನಡೆದುಕೊಂಡೇ ದಿಬ್ಬ ಹತ್ತಿದೆವು. ಮೇಲೆ ಗಾಳಿ ಇತ್ತು. ಬುತ್ತಿ ಬಿಚ್ಚಿದೆವು. ನಮ್ಮ ಜೊತೆ ಬಂದಿದ್ದ ಹಡಗಲಿಯ ಅಜ್ಜಿ, ದಾರಿಯುದ್ದಕ್ಕೂ ಒಂದು ಮಾತೂ ಆಡದವರು, ಸೆರಗು ತಲೆಗೆಳೆದುಕೊಂಡು ನೀರಿನ ಕಡೆ ನೋಡುತ್ತ, ‘ನಮ್ಮವ್ವನ ತೌರುಮನಿ ಇಲ್ಲೇ ಎಲ್ಲೋ ಒಳಗೈತಂತ’ ಎಂದರು. 1950ರ ದಶಕದಲ್ಲಿ ಅಣೆಕಟ್ಟಿನಲ್ಲಿ ನೀರು ನಿಂತಾಗ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ಜನ ಬಾಗಿಲು, ತೊಲೆ ಕಿತ್ತುಕೊಂಡು, ದೇವರನ್ನು ಎತ್ತಿಕೊಂಡು ಬೇರೆ ಕಡೆ ಹೋದರು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದದ್ದು ಹಾಗೆಯೇ. ಅಜ್ಜಿ ಕೈಯಲ್ಲಿದ್ದ ರೊಟ್ಟಿಯ ಚೂರೊಂದನ್ನು ನೀರಿದ್ದ ದಿಕ್ಕಿಗೆ ಎಸೆದರು. ಅದು ನೀರು ಮುಟ್ಟಲಿಲ್ಲ, ಕುರಿ ತಿಂದಿತು.

ಮಾವ ಅಜ್ಜಿಯ ಪಕ್ಕ ಕೂತು ಟೋಪಿ ತೆಗೆದರು. ಸ್ನಾನ, ನಿದ್ದೆ ಬಿಟ್ಟರೆ ಅದು ಮೊದಲ ಸಲ. ‘ಯಾವ ಊರವ್ವ ಅದು?’ ಎಂದು ಕೇಳಿದರು. ನಾನು ನೋಡಿದ ಹಾಗೆ ನಾಲ್ಕು ವರ್ಷದಲ್ಲಿ ಅವರು ಹೇಳದೆ ಕೇಳಿದ್ದು ಅದೊಂದೇ. ಅಜ್ಜಿ ಹೇಳುತ್ತ ಹೋದರು, ಮಾವ ಕೇಳುತ್ತ ಕೂತರು. ಹದಿನೈದು ನಿಮಿಷ ಎಂದು ಯಾರೂ ಅನ್ನಲಿಲ್ಲ. ಎದ್ದಾಗ ಮೂರು ಗಂಟೆ ದಾಟಿತ್ತು.

ಮಿಕ್ಕ ಏಳು ಜಾಗ ಆಗಲಿಲ್ಲ. ಹಡಗಲಿಯಲ್ಲಿ ಅಜ್ಜಿಯನ್ನು ಇಳಿಸಿದೆವು. ಹೆಂಗಸರು ಮಲ್ಲಿಗೆ ಕೊಂಡರು. ಶಾಸನದ ಕಾಲದಲ್ಲಿ ಊರಿನ ಹೆಸರೇ ಪೂವಿನ ಪಡಂಗಿಲೆ. ‘ಇಲ್ಲಿಂದ ಹೂವು ಹಡಗಿನಾಗ ವಿಜಯನಗರಕ್ಕ ಹೋಗ್ತಿತ್ತು, ಅದಕ್ಕೇ ಹಡಗಲಿ’ ಎಂದು ಮಾವ ಶುರುಮಾಡಿದರು. ಟೋಪಿ ತಲೆಗೆ ವಾಪಸು ಬಂದಿತ್ತು. ಗಾಡಿಯಲ್ಲಿ ಅರ್ಧ ಜನಕ್ಕೆ ನಿದ್ದೆ, ಉಳಿದವರಿಗೆ ಮಲ್ಲಿಗೆಯ ವಾಸನೆ. ಅತ್ತೆ ಮಾತ್ರ, ‘ಹಡಗಿಗೆ ನೀರು ಎಲ್ಲಿತ್ತಂತ ಕೇಳ್ರಿ ಅವರನ್ನ’ ಎಂದರು.

ಕೊಟ್ಟೂರು ಮುಟ್ಟುವ ಮೊದಲೇ ಮುಂದಿನ ಟೂರು ಘೋಷಣೆಯಾಯಿತು. ಡ್ಯಾಮಿನ ಮಟ್ಟ 1633 ಅಡಿ ಮುಟ್ಟಿದ ವಾರವೇ ಹೊರಡುವುದು. ಮಾವ ಈಗ ದಿನಾ ಬೆಳಿಗ್ಗೆ ಪೇಪರಿನಲ್ಲಿ ನೀರಿನ ಮಟ್ಟವನ್ನು ಚಿನ್ನದ ರೇಟಿನಂತೆ ನೋಡುತ್ತಾರೆ. ತಲೆಗೆ ಆರುನೂರು, ಬುತ್ತಿ ನಿಮ್ಮದೇ, ಗಾಡಿ ನಸುಕಿನ ನಾಲ್ಕೂವರೆಗೆ. ಎಡಗಡೆ ಕಿಟಕಿಯ ಪಕ್ಕದ ನನ್ನ ಸೀಟು ಖಾಲಿ ಇದೆ. ಬೇಕಾದವರು ಕೇಳಬಹುದು.