ಲ್ಯಾಬಿನ ಅಣ್ಣ

ಪಿಯು ಕಾಲೇಜಿಗೆ ಪ್ರಿನ್ಸಿಪಾಲರು ಬರುತ್ತಾರೆ, ಹೋಗುತ್ತಾರೆ. ಕೆಮಿಸ್ಟ್ರಿ ಲ್ಯಾಬಿನ ಅಟೆಂಡರು ಮಾತ್ರ ಬಂದರೆ ರಿಟೈರ್ ಆಗುವ ತನಕ ಅಲ್ಲೇ. ಹೆಸರು ಯಾರಿಗೂ ನೆನಪಿರುವುದಿಲ್ಲ, ಹುಡುಗರಿಗೆಲ್ಲ 'ಅಣ್ಣ'. ಖಾಕಿ ಅಂಗಿಯ ಹೊಟ್ಟೆಯ ಮೇಲೆ ಸಲ್ಫ್ಯೂರಿಕ್ ಕೊರೆದ ಸಣ್ಣ ತೂತುಗಳು, ಬೆರಳ ತುದಿಗೆ ನೈಟ್ರಿಕ್ಕಿನ ಹಳದಿ, ಉಗುರಿನ ಸುತ್ತ ಸಿಲ್ವರ್ ನೈಟ್ರೇಟಿನ ಕಪ್ಪು. ಸರ್ವಿಸ್ ರಿಜಿಸ್ಟರ್ ತೆಗೆದು ನೋಡಬೇಕಿಲ್ಲ.

ಹೊಸದಾಗಿ ಬಂದ ಮೇಡಂ ಉತ್ಸಾಹದಿಂದ, "ಬಾಟಲಿಗಳನ್ನೆಲ್ಲ ಆಲ್ಫಬೆಟ್ ಪ್ರಕಾರ ಜೋಡಿಸಿ, ಹುಡುಕೋಕೆ ಸುಲಭ" ಎನ್ನುತ್ತಾರೆ. "ಆಗ್ಲಿ ಮೇಡಂ" ಎಂದ ಅಣ್ಣ ಒಂದು ಬಾಟಲಿಯನ್ನೂ ಮುಟ್ಟುವುದಿಲ್ಲ. ವಾರ ಕಳೆದು ಮತ್ತೆ ಕೇಳಿದಾಗಲೇ ಬಾಯಿ ಬಿಡುವುದು.

"ಎಮ್ ಆದ್ಮೇಲೆ ಎನ್ ಅಲ್ವಾ ಮೇಡಂ? ಮೆಥನಾಲ್ ಪಕ್ಕಕ್ಕೆ ನೈಟ್ರಿಕ್ ಬರ್ತದೆ. ಆಮೇಲೆ ಬೆಂಕಿ ಆರ್ಸೋರು ಯಾರು? ಮದುವೆಮನೆ ಪಂಕ್ತೀಲಿ ಹೆಸರಿನ ಅಕ್ಷರ ನೋಡಿ ಕೂರಿಸ್ತಾರಾ? ಯಾರಿಗೆ ಯಾರು ಆಗಲ್ಲ ಅಂತ ನೋಡ್ತಾರೆ."

ಅಣ್ಣನ ಪಂಕ್ತಿಯಲ್ಲಿ ಎಚ್‌ಸಿಎಲ್ ಒಂದು ಮೂಲೆ, ಅಮೋನಿಯಾ ಇನ್ನೊಂದು ಮೂಲೆ. ಹತ್ತಿರ ಬಂದರೆ ಮುಚ್ಚಳ ಹಾಕಿದ್ದರೂ ಸುತ್ತಲಿನ ಬಾಟಲಿಗಳಿಗೆಲ್ಲ ಬಿಳಿ ಪುಡಿ ಬಳಿಯುತ್ತವೆ. ನೈಟ್ರಿಕ್ ಕಂದು ಗಾಜಿನಲ್ಲಿ, ಬಿಸಿಲು ಬೀಳದ ಕಡೆ. ಸಲ್ಫ್ಯೂರಿಕ್ ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ, ಟ್ರೇ ಒಳಗೆ. ಎರಡೂವರೆ ಲೀಟರಿನ ಬಾಟಲಿಯಲ್ಲಿ ಆಸಿಡ್ಡೇ ನಾಲ್ಕೂವರೆ ಕಿಲೋ ತೂಗುತ್ತದೆ, ಅದನ್ನು ಕತ್ತು ಹಿಡಿದು ಎತ್ತಿದ ಹುಡುಗನಿಗೆ ಅಂದು ಮಂಗಳಾರತಿ. ಕಾಸ್ಟಿಕ್ ಸೋಡಾ ದ್ರಾವಣಕ್ಕೆ ರಬ್ಬರ್ ಬಿರಡೆಯೇ ಆಗಬೇಕು. ಯಾರೋ ಗಾಜಿನ ಬಿರಡೆ ಹಾಕಿಟ್ಟು ಹೋದರೆ ಅದು ಬಾಟಲಿಯ ಬಾಯಿಗೆ ಕಚ್ಚಿಕೊಂಡು ಕೂರುತ್ತದೆ, ಅಣ್ಣನ ಬಾಯಿ ತೆರೆದುಕೊಳ್ಳುತ್ತದೆ.

"ಏಯ್ ಮರಿ, ಲೇಬಲ್ ಅಂಗೈ ಕಡೆ ಹಿಡ್ಕೊ! ತೊಟ್ಟಿಕ್ಕಿದ್ರೆ ಹೆಸರು ಅಳಿಸಿಹೋಗ್ತದೆ. ನೀರಿಗೆ ಆಸಿಡ್ ಹಾಕು. ಆಸಿಡ್‌ಗೆ ನೀರು ಹಾಕಿದ್ಯೋ, ಮುಖಕ್ಕೇ ಎಗರ್ತದೆ."

ಹಾಗಂತ ಅಣ್ಣ ದೇವರೇನಲ್ಲ. ಸೇಫ್ಟಿ ಕನ್ನಡಕಗಳು ಹಾಳಾಗದಿರಲೆಂದು ಬೀರುವಿಗೆ ಬೀಗ ಜಡಿದು ಕಾಪಾಡಿದ್ದಾರೆ, ಅವು ಬೆಳಕು ಕಾಣುವುದು ಇನ್‌ಸ್ಪೆಕ್ಷನ್ ದಿನ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಕೈಗೆ ಬಂದ ಸಾಲ್ಟ್ ಯಾವುದೆಂದು ಒಂದು ಕಾಫಿಯ ಖರ್ಚಿಗೆ ಕಣ್ಸನ್ನೆಯಲ್ಲೇ ಹೇಳುತ್ತಾರೆ. ಎಕ್ಸ್‌ಟರ್ನಲ್ ಎಕ್ಸಾಮಿನರಿಗೂ ಇದು ಗೊತ್ತು, ಅವರಿಗೂ ಕಾಫಿ ಬಂದಿರುತ್ತದೆ.

ಆದರೆ ಆಫೀಸಿನ ಸೂಪರಿಂಟೆಂಡೆಂಟರು ಖಾಲಿ ನೀರಿನ ಬಾಟಲಿ ಹಿಡಿದು, "ಮನೆ ಬಾತ್‌ರೂಮಿಗೆ ಸ್ವಲ್ಪ ಆಸಿಡ್ ಹಾಕ್ಕೊಡಯ್ಯ" ಎಂದು ಬಂದರೆ ಮಾತ್ರ ಅಣ್ಣ ಜಗ್ಗುವುದಿಲ್ಲ.

"ಕುಡಿಯೋ ಬಾಟ್ಲೀಲಿ ನಾನು ಕೊಡಲ್ಲ ಸಾರ್. ಮನೇಲಿ ಮೊಮ್ಮಗು ಇದೆ ನಿಮಗೆ."

"ಲೇಬಲ್ ಅಂಟಿಸ್ತೀನಯ್ಯ."

"ಅದಕ್ಕೆ ಓದೋಕೆ ಬರ್ತದಾ ಸಾರ್?"

ಆ ವಾರ ಅಣ್ಣನ ರಜೆ ಅರ್ಜಿ ಮಂಜೂರಾಗುವುದಿಲ್ಲ. ಅಣ್ಣ ರಜೆ ಹಾಕಿಯೇ ಹಾಕುತ್ತಾರೆ, ಲ್ಯಾಬಿನ ಬೀಗದ ಕೈಯನ್ನೂ ಜೇಬಿಗಿಳಿಸಿಕೊಂಡು ಊರಿಗೆ ಹೋಗುತ್ತಾರೆ. ಟೈಟ್ರೇಷನ್ ಮುಂದಿನ ವಾರಕ್ಕೆ ಹೋಗುತ್ತದೆ. ನೋಟಿಸಿಗೆ ಸಹಿ ಹಾಕುವವರು ಪ್ರಿನ್ಸಿಪಾಲರು.