ನಾಲ್ಕನೇ ನಂಬರು

ನಮ್ಮ ಕಾರಿನ ಬ್ಲೋವರ್‌ಗೆ ನಾಲ್ಕು ನಂಬರು. ಆಷಾಢದ ಒಂದು ಬೆಳಿಗ್ಗೆ ಮೊದಲ ಮೂರೂ ಒಟ್ಟಿಗೆ ಮೌನವ್ರತ ಹಿಡಿದವು. ನಾಲ್ಕು ಮಾತ್ರ ರಾಗಿ ಮಿಲ್ಲಿನಂತೆ ಮೊರೆಯಿತು.

ಒಂದು ಗ್ಯಾರೇಜಿನವರು ಫ್ಯೂಸ್ ಬದಲಿಸಿದರು. ಇನ್ನೊಂದು ಗ್ಯಾರೇಜಿನವರು ಮೋಟಾರನ್ನೇ ಬದಲಿಸಿದರು. ನನ್ನ ಪರ್ಸು ಹಗುರಾಯಿತೇ ಹೊರತು ಮೂರೂ ನಂಬರು ಬಾಯಿ ಬಿಡಲಿಲ್ಲ.

ಮೈಸೂರಲ್ಲಾದರೆ ಹೀಟರಿನ ನೆನಪೇ ಬರುವುದಿಲ್ಲ. ಆದರೆ ಹೊರಟಿದ್ದು ಮಡಿಕೇರಿಗೆ, ಅಕ್ಕನ ಮನೆಗೆ. ಕುಶಾಲನಗರ ದಾಟಿದ ಮೇಲೆ ಹೊರಗೆ ಜಡಿಮಳೆ, ಒಳಗೆ ಮೂವರ ಉಸಿರು. ಮುಂದಿನ ಗಾಜು ಇಡ್ಲಿ ಪಾತ್ರೆಯ ಮುಚ್ಚಳದಂತಾಯಿತು. ಬಿಸಿಗೇನೂ ಬರವಿಲ್ಲ, ಇಂಜಿನ್ನಿನ ಬಿಸಿನೀರೇ ಅದನ್ನು ಪುಕ್ಕಟೆ ಕೊಡುತ್ತದೆ. ಅದನ್ನು ಗಾಜಿನವರೆಗೆ ಊದುವವರು ಬೇಕಲ್ಲ! ವಿಧಿಯಿಲ್ಲದೆ ನಾಲ್ಕಕ್ಕೆ ತಿರುಗಿಸಿದೆ. ಗಾಜು ತಿಳಿಯಾಯಿತು, ಮಾತು ಕೇಳಿಸದಾಯಿತು. ಗಂಡ ಹೆಂಡತಿ ಇಬ್ಬರೂ ಕೂಗಾಡತೊಡಗಿದೆವು.

"ರೀ, ಮಾವನವರಿಗೆ ಒಬ್ಬಟ್ಟು ಕೊಡ್ಬೇಡಿ ಅಂತ ಅಕ್ಕನಿಗೆ ಮೊದಲೇ ಹೇಳಿಬಿಡಿ, ಶುಗರ್ ಜಾಸ್ತಿ ಆಗಿದೆ!"

ಹಿಂದಿನ ಸೀಟಿನಿಂದ ಉತ್ತರ ಬಂತು: "ಅರ್ಧ ತಿಂದ್ರೆ ಏನೂ ಆಗಲ್ಲ ಕಣಮ್ಮ!"

ನಾವಿಬ್ಬರೂ ಬೆಚ್ಚಿದೆವು. ಅಪ್ಪನ ಕಿವಿ ಮಂದವಾಗಿ ವರ್ಷಗಳೇ ಆಗಿವೆ. ಕೊಡಿಸಿದ ಕಿವಿಯಂತ್ರ ಬೀರುವಿನಲ್ಲಿ ಕ್ಷೇಮವಾಗಿದೆ. ಅಂದು ಮಾತ್ರ ಮಡಿಕೇರಿ ತಲುಪುವವರೆಗೂ ಅವರು ನಮ್ಮ ಪ್ರತಿ ಮಾತಿಗೂ ಒಗ್ಗರಣೆ ಹಾಕುತ್ತಲೇ ಇದ್ದರು.

ಮರುದಿನ ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬ ಕೇಳಿದ್ದು ಒಂದೇ ಪ್ರಶ್ನೆ: "ನಾಲ್ಕರಲ್ಲಿ ಓಡುತ್ತಾ ಸಾರ್?"

ಹೂಂ ಅಂದೆ.

"ಹಾಗಾದ್ರೆ ಫ್ಯೂಸ್ ಅಲ್ಲ, ಮೋಟಾರೂ ಅಲ್ಲ. ಅವು ಹೋಗಿದ್ರೆ ನಾಲ್ಕೂ ಓಡ್ತಿರ್ಲಿಲ್ಲ. ನಾಲ್ಕಕ್ಕೆ ಕರೆಂಟು ನೆಟ್ಟಗೆ ಹೋಗುತ್ತೆ. ಮಿಕ್ಕ ಮೂರಕ್ಕೆ ರೆಸಿಸ್ಟರ್ ದಾಟ್ಕೊಂಡು ಹೋಗ್ಬೇಕು."

ಕಾಲು ಸೀಟಿನ ಮೇಲೆ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ. ಶೀರ್ಷಾಸನದಂಥ ಭಂಗಿಯಲ್ಲಿ ಎರಡು ಸ್ಕ್ರೂ ಬಿಚ್ಚಿದ. ಬಿಸ್ಕತ್ತಿನಷ್ಟಗಲದ ಒಂದು ತುಂಡು ಈಚೆ ಬಂತು. ಮೇಲಿನ ತಂತಿಯ ಸುರುಳಿ ಕಡಿದಿತ್ತು, ಕನೆಕ್ಟರಿನ ಪ್ಲಾಸ್ಟಿಕ್ ಸೀದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಅದರ ಹಿಂದೆಯೇ ಒಂದು ಹಿಡಿ ಒಣಗಿದ ಸಿಲ್ವರ್ ಓಕ್ ಎಲೆ. ಹೋದ ಬೇಸಿಗೆಯಲ್ಲಿ ಅಕ್ಕನ ತೋಟದ ನೆರಳಲ್ಲಿ ಹದಿನೈದು ದಿನ ಕಾರು ನಿಲ್ಲಿಸಿದ್ದರ ಫಲ.

ಕರೆಂಟನ್ನು ತಡೆಯುವ ಕೆಲಸದಲ್ಲಿ ಈ ರೆಸಿಸ್ಟರ್ ಕೆಂಡವಾಗುತ್ತದಂತೆ. ತಣ್ಣಗಿರಲೆಂದೇ ಅದನ್ನು ಬ್ಲೋವರಿನ ಗಾಳಿಗೆ ಅಡ್ಡಲಾಗಿ ಕೂರಿಸಿರುತ್ತಾರೆ. ಎಲೆ ತುಂಬಿ ಗಾಳಿ ಕಟ್ಟಿತು, ಪಾಪ, ಸುಟ್ಟುಕೊಂಡಿತು. ಹೊಸ ರೆಸಿಸ್ಟರಿಗೆ ಕೊಟ್ಟ ದುಡ್ಡು ಹೊಸ ಮೋಟಾರಿಗೆ ಕೊಟ್ಟಿದ್ದರ ಮುಂದೆ ಚಿಲ್ಲರೆ.

ವಾಪಸು ಬರುವಾಗ ಒಂದನೇ ನಂಬರು. ಸುಯ್ಯೆನ್ನುವ ಸಣ್ಣ ಗಾಳಿ, ತಿಳಿಯಾದ ಗಾಜು. ನಾನೂ ಹೆಂಡತಿಯೂ ಮೆಲುದನಿಯಲ್ಲಿ ಹರಟುತ್ತ ಬಂದೆವು. ಪಿರಿಯಾಪಟ್ಟಣದ ಹತ್ತಿರ ಅಪ್ಪ ಮುಂದಕ್ಕೆ ಬಾಗಿದರು.

"ಏನ್ರೋ, ಜಗಳ ಆಡ್ಕೊಂಡ್ರಾ? ಹೋಗ್ತಾ ಚೆನ್ನಾಗಿ ಮಾತಾಡ್ತಿದ್ರಿ."

ನಾವು ಮುಖ ಮುಖ ನೋಡಿಕೊಂಡೆವು. ನಾನು ಸದ್ದಿಲ್ಲದೆ ನಾಲ್ಕಕ್ಕೆ ತಿರುಗಿಸಿದೆ. ಮಿಲ್ಲು ಶುರುವಾಯಿತು. ಹೆಂಡತಿ ಹಿಂದಕ್ಕೆ ತಿರುಗಿ ಕೂಗಿದಳು: "ಮಾವಾ, ಅಕ್ಕನ ಮನೇಲಿ ಎಷ್ಟು ಒಬ್ಬಟ್ಟು ತಿಂದ್ರಿ?"

ಅಪ್ಪ ಕಿವಿಗೆ ಕೈ ಹಿಡಿದರು.

"ಏನಂದೆಯಮ್ಮ? ಈ ಗಾಳಿಯಲ್ಲಿ ಏನೂ ಕೇಳಿಸ್ತಾ ಇಲ್ಲ!"